ಹಳೆಯ ನಡಿಗೆ, ಎಳೆಯ ರಬ್ಬರು

1965ರ ಸುಮಾರಿಗೆ ಜರ್ಮನಿಯ ಸ್ಟುಟ್‌ಗಾರ್ಟಿನ ಪೋರ್ಷೆ ಕಾರ್ಖಾನೆಯಿಂದ ಹೊರಬಂದ 911 ಕಾರುಗಳ ಮುಂದಿನ ಬಂಪರಿನೊಳಗೆ, ಎಡಕ್ಕೊಂದು ಬಲಕ್ಕೊಂದು, ತಲಾ 11 ಕೆ.ಜಿ. ತೂಕದ ಎರಕದ ಕಬ್ಬಿಣದ ತುಂಡುಗಳಿದ್ದವು. ಸ್ಪೋರ್ಟ್ಸ್ ಕಾರು ಕಟ್ಟುವವರು ಒಂದೊಂದು ಕಿಲೋ ಇಳಿಸಲು ಒದ್ದಾಡುವ ಜನ. ಅಂಥವರು 22 ಕೆ.ಜಿ. ಕಬ್ಬಿಣವನ್ನು ಬೇಕೆಂದೇ ಮೂತಿಯಲ್ಲಿ ತುರುಕಿದ್ದೇಕೆ? ಇದಕ್ಕೆ ಉತ್ತರ ಹುಡುಕಲು ಎಂಜಿನ್ನು ಬಿಚ್ಚಬೇಕಿಲ್ಲ. ಬಗ್ಗಿ ಟೈರುಗಳನ್ನು ನೋಡಿದರೆ ಸಾಕು. ಅರವತ್ತು ವರ್ಷದ ಅಂಥ ಕಾರೊಂದಕ್ಕೆ ಇವತ್ತು ಹೊಸ ಟೈರು ಹಾಕಿಸಲು ಹೊರಟವರ ಪ್ರಶ್ನೆಗೂ ಉತ್ತರ ಅಲ್ಲೇ ಇದೆ.

ಮೊದಲ 911ರಲ್ಲಿ ಎರಡು ಲೀಟರಿನ, ಆರು ಸಿಲಿಂಡರಿನ ಎಂಜಿನ್ನು ಹಿಂದಿನ ಅಚ್ಚಿಗಿಂತಲೂ ಹಿಂದಕ್ಕೆ ತೂಗಿಕೊಂಡಿತ್ತು. ಕಾರಿನ ತೂಕ ಸುಮಾರು 1,080 ಕೆ.ಜಿ. ಅದರಲ್ಲಿ ಶೇಕಡ 60ಕ್ಕೆ ಹತ್ತಿರದ ಪಾಲು ಹಿಂದಿನ ಎರಡು ಚಕ್ರಗಳ ಮೇಲೆ. ಆದರೆ ಟೈರು ಮಾತ್ರ ನಾಲ್ಕಕ್ಕೂ ಒಂದೇ ಅಳತೆ: ನಾಲ್ಕೂವರೆ ಇಂಚು ಅಗಲದ ರಿಮ್ಮಿನ ಮೇಲೆ 165 ಮಿಲಿಮೀಟರ್ ಅಗಲದ, 15 ಇಂಚಿನ ರೇಡಿಯಲ್. ಇಂದು ಸಣ್ಣ ಕಾರುಗಳಿಗೆ ಬರುವ ಅಗಲ ಅದು.

ಒಂದು ಸಣ್ಣ ಲೆಕ್ಕ ಮಾಡೋಣ. ಹಿಂದಿನ ಒಂದು ಚಕ್ರದ ಮೇಲಿನ ಭಾರ ಸುಮಾರು 310 ಕೆ.ಜಿ. ಎನ್ನಿ. ಟೈರಿನಲ್ಲಿ 2.4 ಬಾರ್, ಅಂದರೆ 35 ಪಿಎಸ್‌ಐನಷ್ಟು ಗಾಳಿ ಇದೆ. ಆ ಭಾರವನ್ನು ಬಹುಪಾಲು ಹೊರುವುದು ಒಳಗಿನ ಗಾಳಿಯೇ ಆದ್ದರಿಂದ ಭಾರವನ್ನು ಒತ್ತಡದಿಂದ ಭಾಗಿಸಿದರೆ ಟೈರು ನೆಲಕ್ಕೆ ತಾಗಿರುವ ಜಾಗ ಎಷ್ಟೆಂದು ಅಂದಾಜಾಗಿ ತಿಳಿಯುತ್ತದೆ. ಬರುವ ಉತ್ತರ ಸುಮಾರು 127 ಚದರ ಸೆಂಟಿಮೀಟರ್. ಬೆರಳು ಜೋಡಿಸಿ ಅಂಗೈ ಊರಿದಷ್ಟು ಜಾಗ. ಗಂಟೆಗೆ 200 ಕಿಲೋಮೀಟರ್ ವೇಗದ ಕಾರು ರಸ್ತೆಯ ಜೊತೆ ಇಟ್ಟುಕೊಂಡಿರುವ ಸಂಬಂಧವೆಲ್ಲ ಇಂಥ ನಾಲ್ಕು ಅಂಗೈಗಳಲ್ಲಿ ಮುಗಿಯಿತು.

ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ. ಅಗಲದ ಟೈರು ಹಾಕಿದರೆ ರಸ್ತೆಗೆ ತಾಗುವ ಜಾಗ ಹೆಚ್ಚುತ್ತದೆ ಎಂದು ಎಲ್ಲರೂ ನಂಬಿದ್ದಾರೆ, ಟೈರು ಮಾರುವವರೂ ಸೇರಿ. ಭಾರ ಅದೇ, ಗಾಳಿಯ ಒತ್ತಡ ಅದೇ ಆಗಿದ್ದರೆ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ಅದರ ಆಕಾರ. ಕಿರಿದಾದ ಟೈರಿನದು ಉದ್ದುದ್ದ, ಅಗಲದ ಟೈರಿನದು ಅಡ್ಡಡ್ಡ. ಈ ಆಕಾರಭೇದದಿಂದಲೇ ಬಹಳಷ್ಟು ವ್ಯತ್ಯಾಸ ಆಗುತ್ತದೆ. ಅದು ಹೇಗೆಂದು ತಿಳಿಯಲು ತಿರುವಿನಲ್ಲಿ ಟೈರಿಗೆ ಏನಾಗುತ್ತದೆ ಎಂದು ನೋಡಬೇಕು.

ತಿರುವಿನಲ್ಲಿ ಚಕ್ರ ಮುಖ ಮಾಡಿರುವ ದಿಕ್ಕು ಒಂದು, ಅದು ನಿಜಕ್ಕೂ ಸಾಗುತ್ತಿರುವ ದಿಕ್ಕು ಇನ್ನೊಂದು. ರಬ್ಬರು ನೆಲವನ್ನು ಕಚ್ಚಿರುತ್ತದೆ, ರಿಮ್ಮು ಪಕ್ಕಕ್ಕೆ ಎಳೆಯುತ್ತದೆ, ನಡುವಿನ ಟೈರು ತಿರುಚಿಕೊಳ್ಳುತ್ತದೆ. ಎರಡು ದಿಕ್ಕುಗಳ ನಡುವಿನ ಈ ಕೋನಕ್ಕೆ ಎಂಜಿನಿಯರುಗಳು ಸ್ಲಿಪ್ ಆಂಗಲ್ ಎನ್ನುತ್ತಾರೆ. ಹೆಸರಿನಲ್ಲಿ ಜಾರುವಿಕೆ ಇದ್ದರೂ ಟೈರು ಇನ್ನೂ ಜಾರಿರುವುದಿಲ್ಲ. ಹಾಗೆ ತಿರುಚಿಕೊಂಡರೆ ಮಾತ್ರ ಕಾರನ್ನು ಒಳಕ್ಕೆ ಎಳೆಯುವ ಬಲ ಹುಟ್ಟುವುದು. ಕೋನ ಹೆಚ್ಚಿದಂತೆ ಬಲ ಹೆಚ್ಚುತ್ತದೆ. ಒಂದು ಹಂತದಲ್ಲಿ ಏರಿಕೆ ನಿಂತು, ಆಮೇಲೆ ಇಳಿಯುತ್ತದೆ. ಇಳಿಯತೊಡಗಿದಾಗ ಕಾರು ನಿಜಕ್ಕೂ ಜಾರುತ್ತಿರುತ್ತದೆ.

ಶಾಲೆಯಲ್ಲಿ ಕಲಿತ ಘರ್ಷಣೆಯ ನಿಯಮ ಇಲ್ಲಿ ಕೈಕೊಡುತ್ತದೆ. ಭಾರ ಇಮ್ಮಡಿಯಾದರೆ ಘರ್ಷಣೆಯೂ ಇಮ್ಮಡಿ ಎಂದು ಅಲ್ಲಿ ಓದಿದ್ದೆವು. ಮರದ ತುಂಡಿಗೆ ಅದು ಸರಿ. ರಬ್ಬರು ಹಾಗಲ್ಲ. ಟೈರಿನ ಮೇಲಿನ ಭಾರ ಇಮ್ಮಡಿಯಾದರೆ ಹಿಡಿತವೂ ಹೆಚ್ಚುತ್ತದೆ, ಆದರೆ ಇಮ್ಮಡಿಗಿಂತ ಕಡಿಮೆ. 911ರ ಹಿಂದಿನ ಟೈರುಗಳಿಗೆ ಒದಗಿದ ಕಷ್ಟ ಇದೇ. ಹೆಚ್ಚು ಭಾರವಿರುವ ಹಿಂಭಾಗವನ್ನು ತಿರುವಿನಲ್ಲಿ ಹಿಡಿದಿಡಲು ಹೆಚ್ಚು ಬಲ ಬೇಕು, ಅಷ್ಟು ಬಲ ಹುಟ್ಟಿಸಲು ಮುಂದಿನ ಟೈರಿಗಿಂತ ದೊಡ್ಡ ಕೋನದಲ್ಲಿ ತಿರುಚಿಕೊಳ್ಳಬೇಕು. ಹೀಗೆ ಹಿಂಭಾಗ ಹೊರಕ್ಕೆ ವಾಲುತ್ತದೆ. ಆ ಗಳಿಗೆಯಲ್ಲಿ ಚಾಲಕ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ಸರಿಯುತ್ತದೆ, ಹಿಂದಿನ ಟೈರುಗಳ ಹಿಡಿತ ಇನ್ನಷ್ಟು ಕಡಿಮೆಯಾಗುತ್ತದೆ, ಕಾರು ಗಿರ್ರನೆ ತಿರುಗಿ ಬಂದ ದಾರಿಗೆ ಮುಖ ಮಾಡುತ್ತದೆ. ಹಳೆಯ 911ರ ಕುಖ್ಯಾತಿಗೆ ಕಾರಣ ಇಷ್ಟೇ. ಅದರಲ್ಲಿ ಅದೃಷ್ಟದ ಮಾತಾಗಲಿ ಶಾಪದ ಮಾತಾಗಲಿ ಇಲ್ಲ.

ಬಂಪರಿನ ಕಬ್ಬಿಣ ಇದಕ್ಕೆ ಮಾಡಿದ ತುರ್ತು ಮದ್ದು. 1968ರ ಆಗಸ್ಟಿನಲ್ಲಿ ಶುರುವಾದ ಮಾದರಿಯಲ್ಲಿ ಇನ್ನೂ ಒಳ್ಳೆಯ ಮದ್ದು ಬಂತು. ಎಂಜಿನ್ನನ್ನು ಇದ್ದಲ್ಲೇ ಬಿಟ್ಟು ಹಿಂದಿನ ಚಕ್ರಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿದರು. ಒಂದು ದೊಡ್ಡ ಬ್ಯಾಟರಿಯ ಬದಲು ಎರಡು ಚಿಕ್ಕ ಬ್ಯಾಟರಿಗಳನ್ನು ಮೂತಿಯ ಎರಡು ಮೂಲೆಗಳಲ್ಲಿ ಕೂರಿಸಿದರು. ಶಕ್ತಿಶಾಲಿ ಮಾದರಿಗಳಿಗೆ ಆರು ಇಂಚಿನ ರಿಮ್ಮು, 185/70 ಅಳತೆಯ ಟೈರು ಬಂತು. 1973ರ ಮಾದರಿಯ ಕರೇರಾ ಆರ್‌ಎಸ್ 2.7ರಲ್ಲಂತೂ ಮುಂದೆ 185/70, ಹಿಂದೆ 215/60. ರಸ್ತೆಗೆಂದು ಮಾಡಿದ ಪೋರ್ಷೆಯೊಂದಕ್ಕೆ ಹಿಂದೆ ಮುಂದೆ ಬೇರೆ ಬೇರೆ ಅಗಲದ ಟೈರು ಕೊಟ್ಟದ್ದು ಅದೇ ಮೊದಲು. ಅಗಲದ ಟೈರಿನ ಅಡ್ಡಡ್ಡ ಹೆಜ್ಜೆ ಕಡಿಮೆ ಕೋನದಲ್ಲೇ ಹೆಚ್ಚು ಬಲ ಹುಟ್ಟಿಸುತ್ತದೆ, ಹಿಂಭಾಗ ತಡವಾಗಿ ಕೈಬಿಡುತ್ತದೆ. ಅಂಥ 1,580 ಕಾರುಗಳು ತಯಾರಾದವು. ಬಾಲದ ಮೇಲಿನ ರೆಕ್ಕೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಪ್ರಕಾರ ಆ ಕಾರಿನ ದೊಡ್ಡ ಸುಧಾರಣೆ ಹಿಂದಿನ ಎರಡು ಟೈರುಗಳು.

ಕಾರಿಗೆ ಟೈರು ಆಮೇಲೆ ಸಿಕ್ಕಿಸುವ ಬಿಡಿಭಾಗವಲ್ಲ ಎಂಬುದು ಇಷ್ಟರಿಂದ ಸ್ಪಷ್ಟ. ಸ್ಪ್ರಿಂಗು, ಡ್ಯಾಂಪರು, ಚಕ್ರದ ವಾಲು ಎಲ್ಲವನ್ನೂ ಒಂದು ನಿರ್ದಿಷ್ಟ ಟೈರಿನ ಸ್ವಭಾವಕ್ಕೆ ಹೊಂದಿಸಿ ಕಾರು ಕಟ್ಟಿರುತ್ತಾರೆ. ಟೈರು ಬದಲಿಸಿದವನು ಗೊತ್ತಿದ್ದೋ ಗೊತ್ತಿಲ್ಲದೆಯೋ ಆ ಎಂಜಿನಿಯರುಗಳ ಕೆಲಸಕ್ಕೆ ಕೈ ಹಾಕಿರುತ್ತಾನೆ.

ಟೈರಿನ ಸ್ವಭಾವ ನಿರ್ಧಾರವಾಗುವುದು ಅದರ ಒಳಗಿನ ದಾರಗಳಿಂದ. 911ರ ಅಣ್ಣ 356ಕ್ಕೆ ಬರುತ್ತಿದ್ದದ್ದು ಕ್ರಾಸ್‌ಪ್ಲೈ ಟೈರು. ಅದರಲ್ಲಿ ನೂಲಿನ ಪದರಗಳು ಒಂದರ ಮೇಲೊಂದು ಓರೆಯಾಗಿ, ಪರಸ್ಪರ ಅಡ್ಡ ಹಾಯುವಂತೆ ಇರುತ್ತವೆ. ನಮ್ಮ ಲಾರಿ ಚಾಲಕರು ನೈಲಾನ್ ಟೈರು ಎನ್ನುವುದು ಇದನ್ನೇ. ಅಂಬಾಸಿಡರ್ ಕಾಲದವರಿಗೂ ಅದರ ಪರಿಚಯವಿದೆ. ಉರುಳುವಾಗ ಆ ಪದರಗಳು ಒಂದಕ್ಕೊಂದು ಉಜ್ಜಿಕೊಂಡು ಬಿಸಿಯಾಗುತ್ತವೆ. ಪಕ್ಕದ ಗೋಡೆ ಬಾಗಿದಾಗ ನೆಲದ ಮೇಲಿನ ಹೆಜ್ಜೆಯೂ ಸೊಟ್ಟಗಾಗುತ್ತದೆ.

ಇದನ್ನು ಬದಲಿಸಿದ ಕಥೆ ಸೊಗಸಾಗಿದೆ. ಫ್ರಾನ್ಸಿನ ಮಿಶೆಲಿನ್ ಕಂಪನಿಯಲ್ಲಿ ಮಾರಿಯುಸ್ ಮಿನ್ಯೋಲ್ ಎಂಬಾತನಿದ್ದ. ಕಂಪನಿಯ ಮುದ್ರಣಾಲಯಕ್ಕೆ ಕೆಲಸಕ್ಕೆ ಸೇರಿದ್ದ ಅಚ್ಚುಮೊಳೆ ಜೋಡಿಸುವವನು. ಅವನ ಚುರುಕುತನ ಕಂಡು ಮಾಲೀಕರು ಸಂಶೋಧನೆಯ ಕಡೆಗೆ ಕಳಿಸಿದರು. ಟೈರು ಬಿಸಿಯಾಗುವುದು ಎಲ್ಲಿಂದ ಎಂದು ತಿಳಿಯಲು ಅವನು ಪಕ್ಕದ ಗೋಡೆಯ ಪದರಗಳನ್ನೇ ತೆಗೆದು, ಅವುಗಳ ಬದಲು ಅಂಚಿನಿಂದ ನೆತ್ತಿಗೆ ನೇರವಾಗಿ ಹಾಯುವ, ದೂರದೂರದ ತಂತಿಗಳನ್ನು ಕಟ್ಟಿದ ಟೈರೊಂದನ್ನು ಮಾಡಿದ. ಜೊತೆಯವರು ಅದನ್ನು ನೊಣದ ಪಂಜರ ಎಂದು ಕರೆದರು. ಪ್ರಯೋಗಕ್ಕೆಂದು ಮಾಡಿದ ಆ ಪಂಜರ ಉರುಳುವಾಗ ತಣ್ಣಗೇ ಉಳಿಯಿತು. 1946ರಲ್ಲಿ ಪೇಟೆಂಟು, 1949ರಲ್ಲಿ ಮಿಶೆಲಿನ್ ಎಕ್ಸ್ ಎಂಬ ಹೆಸರಿನಲ್ಲಿ ಮಾರಾಟ. ಪಕ್ಕದ ಗೋಡೆಯಲ್ಲಿ ನೇರ ದಾರಗಳು, ಟ್ರೆಡ್ಡಿನ ಕೆಳಗೆ ಬಿಗಿಯಾದ ಉಕ್ಕಿನ ಪಟ್ಟಿ: ರೇಡಿಯಲ್ ಟೈರಿನ ಗುಟ್ಟು ಇಷ್ಟೇ. ಗೋಡೆ ಬಾಗಿದರೂ ಹೆಜ್ಜೆ ನೆಲದ ಮೇಲೆ ಮಟ್ಟಸವಾಗಿ ಉಳಿಯುತ್ತದೆ.

ಹಾಗೆಂದು ರೇಡಿಯಲ್ ಎಲ್ಲ ಹಳೆಯ ಕಾರಿಗೂ ಒಳ್ಳೆಯದು ಎನ್ನುವಂತಿಲ್ಲ. ಕ್ರಾಸ್‌ಪ್ಲೈ ದೊಡ್ಡ ಕೋನದವರೆಗೆ ತಿರುಚಿಕೊಳ್ಳುತ್ತ, ಮುಂಚೆಯೇ ಸೂಚನೆ ಕೊಟ್ಟು ನಿಧಾನಕ್ಕೆ ಕೈಬಿಡುತ್ತದೆ. ರೇಡಿಯಲ್ ಹೆಚ್ಚು ಹಿಡಿಯುತ್ತದೆ, ಬಿಟ್ಟರೆ ಥಟ್ಟನೆ ಬಿಡುತ್ತದೆ. ಎರಡನ್ನೂ ಒಂದೇ ಕಾರಿಗೆ ಬೆರೆಸುವುದಂತೂ ಅಪಾಯ. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಹಾಕುವುದನ್ನು ಬ್ರಿಟನ್ನಿನ ಕಾನೂನೇ ನಿಷೇಧಿಸಿದೆ. ಬಿಗಿಹಿಡಿತದ ಮುಂಭಾಗ, ಸಡಿಲ ಹಿಂಭಾಗ ಇದ್ದರೆ ಏನಾಗುತ್ತದೆಂದು ಮೇಲೆ ನೋಡಿದ್ದೇವೆ.

ಈಗ ಅಂಗಡಿಗೆ ಹೋಗೋಣ. ಟೈರಿನ ಮೇಲೆ 185/70 ವಿಆರ್ 15 ಎಂದಿದ್ದರೆ 185 ಎಂಬುದು ಮಿಲಿಮೀಟರಿನಲ್ಲಿ ಅಗಲ, 70 ಎಂದರೆ ಗೋಡೆಯ ಎತ್ತರ ಅಗಲದ ಶೇಕಡ 70, 15 ರಿಮ್ಮಿನ ವ್ಯಾಸ. ವಿ ಎಂಬುದು ವೇಗದ ಗುರುತು. ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್‌ವರೆಗೆ. ಆ ಕಾಲದಲ್ಲಿ ಅದಕ್ಕೂ ಮೇಲಿನದೆಲ್ಲ ವಿ, ಈಗ ವಿ ಎಂದರೆ 240. ಬರೇ 165 ಎಚ್‌ಆರ್ 15 ಎಂದು ಬರೆದು ನಡುವಿನ ಅಂಕಿ ಬಿಟ್ಟಿದ್ದರೆ ಗೋಡೆಯ ಎತ್ತರ ಶೇಕಡ 80ರ ಸುಮಾರು ಎಂದು ತಿಳಿಯಬೇಕು. ಅಂದು ಅದೇ ರೂಢಿ, ಬರೆಯುವ ಅಗತ್ಯವಿರಲಿಲ್ಲ.

ಈ ಅಂಕಿಗಳಿಂದ ಟೈರಿನ ಪೂರ್ಣ ವ್ಯಾಸ ತೆಗೆಯಬಹುದು. ಹಳೆಯ 165ರ ಗೋಡೆ 132 ಮಿ.ಮೀ.; ಎರಡು ಕಡೆಯದು ಕೂಡಿ, 15 ಇಂಚಿನ 381 ಮಿ.ಮೀ. ಸೇರಿಸಿದರೆ 645. ಅದೇ ರೀತಿ 185/70ರದು 640, ಹಿಂದಿನ 215/60ರದು 639. ಅಗಲ 50 ಮಿಲಿಮೀಟರ್ ಬೆಳೆದರೂ ಎತ್ತರ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಗೇರುಗಳ ಲೆಕ್ಕ, ಸ್ಪೀಡೋಮೀಟರಿನ ಲೆಕ್ಕ, ನೆಲದಿಂದ ಕಾರಿನ ಎತ್ತರ ಯಾವುದೂ ಕೆಡದಂತೆ ಪೋರ್ಷೆಯವರು ಅಗಲ ಹೆಚ್ಚಿಸಿದಾಗಲೆಲ್ಲ ಗೋಡೆ ತಗ್ಗಿಸುತ್ತ ಬಂದರು. ಇಂದು ಎಲ್ಲ ಕಡೆ ಸುಲಭವಾಗಿ ಸಿಗುವ 195/65 ಆರ್ 15 ಟೈರಿನ ವ್ಯಾಸ 634.5. 185/70ಕ್ಕೆ ಹೋಲಿಸಿದರೆ ಶೇಕಡ ಒಂದರಷ್ಟೂ ವ್ಯತ್ಯಾಸವಿಲ್ಲ. ನಮ್ಮಲ್ಲಿ ಕೊರೊಲ್ಲಾ, ಆಕ್ಟೇವಿಯಾ ಕಾರುಗಳು ತೊಟ್ಟ ಅಳತೆ ಅದು. ಹಳೆಯ 911ರ ಮಾಲೀಕರು ಎಷ್ಟೋ ಮಂದಿ ಅದನ್ನೇ ಹಾಕಿಸಿಕೊಂಡಿದ್ದಾರೆ. ಬೆಲೆ ಕಡಿಮೆ, ಮಳೆಯಲ್ಲಿ ಹಿಡಿತ ಚೆನ್ನಾಗಿದೆ. ಆರು ಇಂಚಿನ ರಿಮ್ಮಿರುವ ಕಾರನ್ನು ದಿನಾ ಓಡಿಸುವವರಿಗೆ ಇದು ಬುದ್ಧಿವಂತ ಆಯ್ಕೆಯೇ. ನಾಲ್ಕೂವರೆ ಇಂಚಿನ ರಿಮ್ಮಿಗೆ ಮಾತ್ರ ಬೇಡ. ಅಲ್ಲಿ ಗೋಡೆಗಳು ಒಳಕ್ಕೆ ಸೆಳೆದುಕೊಂಡು ನಡುನೆತ್ತಿ ಉಬ್ಬುತ್ತದೆ, ಹಣ ಕೊಟ್ಟು ತಂದ ಅಗಲದ ಅಂಚುಗಳು ನೆಲ ಮುಟ್ಟುವುದೇ ಇಲ್ಲ.

ಅಗಲದ ಗೀಳು ಹತ್ತಿದವರು ಇಲ್ಲಿಗೇ ನಿಲ್ಲುವುದಿಲ್ಲ. ಹದಿನಾರು ಹದಿನೇಳು ಇಂಚಿನ ರಿಮ್ಮು, ಗೋಡೆಯೇ ಇಲ್ಲದಂಥ ತೆಳು ಟೈರು, ರೇಸಿಗೆ ಹತ್ತಿರದ ಅಂಟು ರಬ್ಬರು. ಹಿಡಿತ ಹೆಚ್ಚುತ್ತದೆ, ಸುಳ್ಳಲ್ಲ. ಹಿಡಿತ ಹೆಚ್ಚಿದಷ್ಟೂ ತಿರುವಿನಲ್ಲಿ ಮೃದು ಸ್ಪ್ರಿಂಗಿನ ಹಳೆಯ ಕಾರು ಹೆಚ್ಚು ವಾಲುತ್ತದೆ. ಕಾರು ವಾಲಿದಂತೆ ಮುಂದಿನ ಚಕ್ರಗಳೂ ಹೊರಕ್ಕೆ ವಾಲುತ್ತವೆ. ಎತ್ತರದ ಗೋಡೆಯ, ದುಂಡು ಅಂಚಿನ ಹಳೆಯ ವಿನ್ಯಾಸದ ಟೈರು ಈ ವಾಲನ್ನು ಸಹಿಸಿಕೊಂಡು ಹೆಜ್ಜೆ ಊರುತ್ತದೆ. ಗಡುಸು ಗೋಡೆಯ ತೆಳು ಟೈರು ಒಂದು ಅಂಚಿನ ಮೇಲೆ ಏರಿ ನಿಲ್ಲುತ್ತದೆ. ಅತಿ ವೇಗದ ತಿರುವಿನಲ್ಲಿ 911ರ ಒಳಬದಿಯ ಮುಂಚಕ್ರ ಗಾಳಿಯಲ್ಲೇ ತೇಲುವ ಚಿತ್ರಗಳನ್ನು ಅನೇಕರು ನೋಡಿರುತ್ತೀರಿ. ಬೇರಿಂಗು, ಬುಷ್ಷು, ಕಾರಿನ ಒಡಲು ಇವೆಲ್ಲ 1960ರ ದಶಕದ ಟೈರು ಹುಟ್ಟಿಸಬಲ್ಲ ಬಲಕ್ಕೆ ಲೆಕ್ಕ ಹಾಕಿ ಮಾಡಿದವು. ಇನ್ನೊಂದು ನಷ್ಟವನ್ನು ಯಾವ ಮಾಪಕವೂ ಅಳೆಯುವುದಿಲ್ಲ. ಹಳೆಯ ಟೈರು ಗಂಟೆಗೆ 80 ಕಿಲೋಮೀಟರಿನಲ್ಲೇ ಕಿರುಗುಟ್ಟಿ, ಸ್ಟಿಯರಿಂಗಿನಲ್ಲಿ ನಡುಗಿ, ಗಡಿ ಹತ್ತಿರ ಬಂತೆಂದು ಹೇಳುತ್ತದೆ. ಅಂಟು ಟೈರು ಆ ಗಡಿಯನ್ನು 120ಕ್ಕೆ ಒಯ್ದು, ಹೇಳದೆ ಕೇಳದೆ ದಾಟಿಸುತ್ತದೆ. ಕಾರಿನ ಮೋಜೂ ಹೋಯಿತು, ಎಚ್ಚರಿಕೆಯೂ ಹೋಯಿತು.

ಇಲ್ಲಿಯವರೆಗೆ ವಿನ್ಯಾಸದ ಮಾತಾಯಿತು. ವಿನ್ಯಾಸದಲ್ಲಿ ಹಳೆಯದೇ ವಾಸಿ ಎಂದೆ. ರಬ್ಬರಿನ ಮಾತು ಇದಕ್ಕೆ ಪೂರ್ತಿ ಉಲ್ಟಾ. ಹಳೆಯ ಕಾರಿನವರು ಬಹುಪಾಲು ಎಡವುವುದು ಇಲ್ಲೇ, ಏಕೆಂದರೆ ಅವರ ಟೈರು ಸವೆಯುವುದೇ ಇಲ್ಲ. ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡುವ ಕಾರಿನ ಟ್ರೆಡ್ಡು ಇಪ್ಪತ್ತು ವರ್ಷವಾದರೂ ಹೊಸದರಂತೆ ಕಾಣುತ್ತದೆ. ಕಾಣುವುದಷ್ಟೇ.

1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ವಿದ್ಯೆ. ರಬ್ಬರಿನ ಉದ್ದುದ್ದ ಅಣುಸರಪಳಿಗಳ ನಡುವೆ ಗಂಧಕದ ಅಡ್ಡಸೇತುವೆಗಳು ಬೀಳುತ್ತವೆ. ಅಂಟುಅಂಟಾದ ರಬ್ಬರು ಪುಟಿಯುವ ರಬ್ಬರಾಗುತ್ತದೆ. ಸೇತುವೆ ಕಡಿಮೆಯಾದರೆ ಮೆತ್ತಗೆ, ಅತಿಯಾದರೆ ಗಡುಸು. ಕಾರ್ಖಾನೆಯಲ್ಲಿ ಹದ ನೋಡಿ ನಿಲ್ಲಿಸಿದ ಈ ಕ್ರಿಯೆ ಪೂರ್ತಿ ನಿಲ್ಲುವುದಿಲ್ಲ. ಗಾಳಿಯ ಆಮ್ಲಜನಕ ರಬ್ಬರಿನೊಳಕ್ಕೆ ಇಳಿದು ಹೊಸ ಸೇತುವೆ ಹಾಕುತ್ತದೆ, ಕೆಲವು ಕಡೆ ಸರಪಳಿಯನ್ನೇ ತುಂಡರಿಸುತ್ತದೆ. ಹೊರಗಿನ ಗಾಳಿಯಷ್ಟೇ ಅಲ್ಲ, ಟೈರಿನೊಳಗೆ ಒತ್ತಿ ತುಂಬಿದ ಗಾಳಿ ಇನ್ನೂ ಜೋರಾಗಿ ಗೋಡೆಯೊಳಕ್ಕೆ ನುಗ್ಗುತ್ತದೆ. ಅದು ಹೋಗಿ ಕೆಡಿಸುವ ಜಾಗ ಉಕ್ಕಿನ ಪಟ್ಟಿಯ ಅಂಚು. ಟೈರು ಪದರ ಬಿಡಲು ಶುರುವಾಗುವುದೂ ಅಲ್ಲಿಂದಲೇ. ಹೊರಗಿನಿಂದ ನೋಡಿದರೆ ಏನೂ ಕಾಣದು.

ಬಿಸಿ ಹೆಚ್ಚಿದಂತೆ ಈ ರಸಾಯನಕ್ರಿಯೆಯ ವೇಗ ಹೆಚ್ಚುತ್ತದೆ. ಮುದಿ ಟೈರುಗಳನ್ನು ಅಧ್ಯಯನ ಮಾಡಲು ಹೊರಟ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಬಳಸಿದ ಟೈರುಗಳನ್ನು ಸಂಗ್ರಹಿಸಲು ಆರಿಸಿಕೊಂಡದ್ದು ಮರುಭೂಮಿಯ ಫೀನಿಕ್ಸ್ ನಗರವನ್ನು. ರಾಯಚೂರು, ಕಲಬುರಗಿಯ ಬೇಸಿಗೆ ಕಂಡವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ.

ಓಝೋನಿನ ಕಾಟ ಬೇರೆಯೇ. ಅದು ಹಿಗ್ಗಿರುವ ರಬ್ಬರಿನ ಮೇಲ್ಮೈಯಲ್ಲಿ ಸಣ್ಣ ಸೀಳುಗಳನ್ನು ಕೊರೆಯುತ್ತದೆ. ಅದನ್ನು ತಡೆಯಲೆಂದು ರಬ್ಬರಿಗೆ ಮೇಣ ಬೆರೆಸಿರುತ್ತಾರೆ. ಮೇಣ ನಿಧಾನಕ್ಕೆ ಹೊರಗೆ ಬಂದು ತೆಳು ಪೊರೆ ಕಟ್ಟುತ್ತದೆ. ಟೈರು ಉರುಳುತ್ತ ಬಾಗುತ್ತ ಇದ್ದರೆ ಮೇಣ ಮತ್ತೆ ಮತ್ತೆ ಮೇಲೆ ಬರುತ್ತದೆ. ಷೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತ ಕಾರಿಗೆ ಆ ಭಾಗ್ಯವಿಲ್ಲ. ಜೋಪಾನ ಮಾಡಿದ ಕಾರಿನ ಟೈರು ಓಡಾಡುವ ಕಾರಿನದಕ್ಕಿಂತ ಮೊದಲೇ ಬಿರುಕು ಬಿಡುವುದು ಇದರಿಂದ.

ಗಡುಸಾದ ರಬ್ಬರು ಹಿಡಿತ ಕಳೆದುಕೊಳ್ಳುವುದಕ್ಕೂ ಸರಳ ಕಾರಣವಿದೆ. ರಸ್ತೆಯ ಜಲ್ಲಿಯ ಮೊನೆಗಳ ಸುತ್ತ ರಬ್ಬರು ಒತ್ತಿಕೊಂಡು ಒಳಸೇರಬೇಕು, ಆಮೇಲೆ ತಡವಾಗಿ ಮೊದಲಿನ ಆಕಾರಕ್ಕೆ ಮರಳಬೇಕು. ಆ ತಡದಲ್ಲಿ ವ್ಯಯವಾಗುವ ಶಕ್ತಿಯೇ ಹಿಡಿತದ ದೊಡ್ಡ ಪಾಲು, ಅದರಲ್ಲೂ ಒದ್ದೆ ರಸ್ತೆಯಲ್ಲಿ. ಒಳಸೇರಲಾರದ ಗಟ್ಟಿ ರಬ್ಬರು ಮೊನೆಗಳ ತುದಿಯ ಮೇಲೇ ತೇಲಿಹೋಗುತ್ತದೆ.

ವಯಸ್ಸು ತಿಳಿಯುವುದು ಸುಲಭ. ಗೋಡೆಯ ಮೇಲೆ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2318 ಎಂದಿದ್ದರೆ 2018ರ 23ನೇ ವಾರ ತಯಾರಾದದ್ದು. ಮೂರೇ ಅಂಕಿ ಇದ್ದರೆ ಆ ಟೈರು 2000ಕ್ಕಿಂತ ಹಿಂದಿನದು. ಮುಂದೆ ಓದುವ ಅಗತ್ಯವಿಲ್ಲ, ಬಿಚ್ಚಿಸಿ. ಎಷ್ಟು ವರ್ಷಕ್ಕೆ ಬದಲಿಸಬೇಕು ಎಂಬುದರಲ್ಲಿ ಒಮ್ಮತವಿಲ್ಲ. ಹಲವು ಕಾರು ತಯಾರಕರು ಆರು ವರ್ಷ ಎನ್ನುತ್ತಾರೆ, ಟೈರು ಕಂಪನಿಗಳು ಹತ್ತರವರೆಗೆ ಹೋಗುತ್ತವೆ. 2012ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ ಸಂಗೀತೋತ್ಸವದಿಂದ ಮರಳುತ್ತಿದ್ದ ಬಸ್ಸಿನ ಮುಂದಿನ ಟೈರು ಸಿಡಿದು ಮೂವರು ಸತ್ತರು. ಆ ಟೈರಿಗೆ 19 ವರ್ಷ ದಾಟಿತ್ತು. ಟ್ರೆಡ್ಡಿನ ಮಟ್ಟಿಗೆ ಅದು ಕಾನೂನುಬದ್ಧ. ಸತ್ತವರ ಮನೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ, 2021ರ ಫೆಬ್ರುವರಿಯಿಂದ ಲಾರಿ ಬಸ್ಸುಗಳ ಮುಂದಿನ ಅಚ್ಚಿನಲ್ಲಿ ಹತ್ತು ವರ್ಷ ಮೀರಿದ ಟೈರನ್ನು ಬ್ರಿಟನ್ ನಿಷೇಧಿಸಿತು. 2013ರಲ್ಲಿ ನಟ ಪಾಲ್ ವಾಕರ್ ಸತ್ತ ಪೋರ್ಷೆ ಕರೇರಾ ಜಿಟಿ ಅಪಘಾತದಲ್ಲಿ ತನಿಖೆ ಮುಖ್ಯವಾಗಿ ವೇಗವನ್ನೇ ದೂರಿತು. ಜೊತೆಗೆ ಆ ಟೈರುಗಳಿಗೆ ಒಂಬತ್ತು ವರ್ಷವಾಗಿತ್ತೆಂದೂ ದಾಖಲಿಸಿತು.

ಹಾಗಾದರೆ ಬೇಕಾದದ್ದು ವಿನ್ಯಾಸದಲ್ಲಿ 1970ರದು, ರಬ್ಬರಿನಲ್ಲಿ ಈ ವರ್ಷದ್ದು. ಅಂಥದ್ದು ಸಿಗುತ್ತದೆ. ಆರ್‌ಎಸ್ 2.7ಕ್ಕೆ ಅಂದು ಬರುತ್ತಿದ್ದ ಪಿರೆಲ್ಲಿ ಚಿಂಟುರಾಟೊ ಸಿಎನ್ 36 ಟೈರನ್ನು ಅದೇ ಅಳತೆಗಳಲ್ಲಿ, ಅದೇ ಟ್ರೆಡ್ ಚಿತ್ತಾರದಲ್ಲಿ ಪಿರೆಲ್ಲಿ ಮತ್ತೆ ತಯಾರಿಸುತ್ತಿದೆ. ಮಿಶೆಲಿನ್ ಎಕ್ಸ್‌ಡಬ್ಲ್ಯುಎಕ್ಸ್‌ನಂಥ ಹಳೆಯ ಹೆಸರುಗಳೂ ಮರಳಿವೆ. ಗೋಡೆಯ ಎತ್ತರ, ಅಂಚಿನ ದುಂಡುತನ ಹಳೆಯದು. ಒಳಗಿನ ಮಿಶ್ರಣ ಇಂದಿನದು. ಪೋರ್ಷೆ ತಾನು ಒಪ್ಪಿದ ಟೈರುಗಳಿಗೆ ಎನ್ ಅಕ್ಷರದ ಗುರುತು ಹಾಕಿಸುತ್ತದೆ. ಬೆಲೆ ಸಾಮಾನ್ಯ ಟೈರಿನ ಹಲವು ಪಟ್ಟು. ಕಾರಿನ ಬೆಲೆ ನೆನೆದರೆ ಅದು ದೊಡ್ಡದಲ್ಲ. ಕಾರಿನ ಬಣ್ಣಕ್ಕೆ ಲಕ್ಷಗಟ್ಟಲೆ ಸುರಿದವರು ಟೈರಿನ ಹತ್ತಿರ ಬಂದಾಗ ಚೌಕಾಸಿಗೆ ನಿಲ್ಲುವುದು ನನಗೆ ಅರ್ಥವಾಗುವುದಿಲ್ಲ.

ಎರಡೇ ಟೈರಿಗೆ ದುಡ್ಡಿದ್ದರೆ ಹೊಸ ಜೋಡಿ ಹಿಂದಕ್ಕೆ. ತಂತಿ ಚಕ್ರವಿರುವ ಜಾಗ್ವಾರ್, ಎಂಜಿಗಳಿಗೆ ಟ್ಯೂಬು ಬೇಕೇಬೇಕು, ಅದೂ ರೇಡಿಯಲ್‌ಗೆ ಹೊಂದುವ ಟ್ಯೂಬು. ಗಾಳಿ ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು, ಟೈರು ತಣ್ಣಗಿದ್ದಾಗ. 911ರಲ್ಲಿ ಮುಂದಕ್ಕಿಂತ ಹಿಂದೆ ನಾಲ್ಕೈದು ಪಿಎಸ್‌ಐ ಹೆಚ್ಚು. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಹುಷಾರಾಗಿ ಓಡಿಸಿ, ಟೈರು ತಯಾರಿಸುವ ಅಚ್ಚಿನಿಂದ ಬಂದ ಜಾರುಪೊರೆ ಉಜ್ಜಿಹೋಗಲಿ.

ಉಳಿದದ್ದು ಐದನೆಯ ಟೈರು. ಹಳೆಯ 911ರಲ್ಲಿ ಸ್ಟೆಪ್ನಿ ಇರುವುದು ಮುಂದಿನ ಮುಚ್ಚಳದ ಕೆಳಗೆ, ಕತ್ತಲಲ್ಲಿ. ಎಷ್ಟೋ ಕಾರುಗಳಲ್ಲಿ ಅದು ಕಾರ್ಖಾನೆಯಿಂದ ಬಂದದ್ದೇ, ಒಮ್ಮೆಯೂ ನೆಲ ಮುಟ್ಟದೆ ಮಿರಮಿರ ಮಿಂಚುತ್ತಿರುತ್ತದೆ. ಪ್ರದರ್ಶನದ ತೀರ್ಪುಗಾರರಿಗೆ ಅದೆಂದರೆ ಪ್ರಾಣ, ಮಾರುವಾಗ ಬೆಲೆಯನ್ನೂ ಏರಿಸುತ್ತದೆ. ಪಂಕ್ಚರ್ ಆದ ರಾತ್ರಿ ಹೆದ್ದಾರಿಯಲ್ಲಿ ಅದನ್ನೇ ಹಾಕಿಕೊಂಡು ಹೊರಟರೆ ಐವತ್ತು ವರ್ಷದ ರಬ್ಬರಿನ ಮೇಲೆ ಮನೆ ಸೇರಬೇಕಾಗುತ್ತದೆ. ಅದನ್ನು ಮನೆಯಲ್ಲಿಟ್ಟು ಪ್ರದರ್ಶನದ ದಿನ ಮಾತ್ರ ಕಾರಿಗೇರಿಸಿ. ಅಂಗಡಿಯವನಿಗೆ ಐದು ಟೈರು ಹೇಳಿ, ಬಂದಾಗ ಐದರ ಮೇಲಿನ ತಾರೀಖನ್ನೂ ಓದಿ ತೆಗೆದುಕೊಳ್ಳಿ.